ಬ್ವಿಂಡಿ ಕಾಡಂಚಿನ ಸಾದಾ ಕ್ಯಾಂಪ್‌ನಲ್ಲಿ ತಂಗುವುದು ಹೇಗೆ: ಗೊರಿಲ್ಲಾ ಟ್ರೆಕ್‌ಗೆ ಹೋಗುವವರಿಗೆ ಸಮಗ್ರ ಮಾರ್ಗದರ್ಶಿ

ಯುಗಾಂಡಾದ ಬ್ವಿಂಡಿ ಕಾಡಿಗೆ ಗೊರಿಲ್ಲಾ ನೋಡಲು ಹೋಗಿಬಂದವರಿಂದ ಕೇಳಿಬರುವ ದೂರುಗಳು ಹೆಚ್ಚುಕಡಿಮೆ ಒಂದೇ ತರಹದವು. ಪರ್ಮಿಟ್ ಕಾಡಿನ ಒಂದು ಕಡೆಯ ರುಶಾಗದ್ದು, ಕ್ಯಾಂಪ್ ಬುಕ್ ಮಾಡಿದ್ದು ಇನ್ನೊಂದು ಕಡೆಯ ಬುಹೋಮದಲ್ಲಿ. ರಾತ್ರಿಯಿಡೀ ಚಳಿಗೆ ನಿದ್ದೆ ಹತ್ತಲಿಲ್ಲ. ಟೆಂಟ್ ಒಳಗೆ ನೀರು ಬಂತು, ಸಾಕ್ಸ್ ಎಲ್ಲ ಒದ್ದೆ. ಬೆಳಗ್ಗೆ ಗೇಟಿನ ಹತ್ತಿರ ಕೆಮ್ಮುತ್ತಾ ನಿಂತಾಗ ರೇಂಜರ್ ಒಳಗೆ ಬಿಡಲಿಲ್ಲ.

ವಿದೇಶಿಯರಿಗೆ ಒಂದು ಗೊರಿಲ್ಲಾ ಪರ್ಮಿಟ್‌ಗೆ 2024ರ ಜುಲೈನಿಂದ 800 ಡಾಲರ್. ಅಷ್ಟಕ್ಕೆ ಗೊರಿಲ್ಲಾಗಳ ಹತ್ತಿರ ಸಿಗುವುದು ಒಂದು ಗಂಟೆ. ಹಾಗಾಗಿ ಕ್ಯಾಂಪ್‌ನಿಂದ ಬೆಂಕಿ, ಹಾಡು, ನಕ್ಷತ್ರ ನಿರೀಕ್ಷಿಸಬೇಡಿ, ಸಿಕ್ಕರೆ ಸಂತೋಷ. ಅದರ ಕೆಲಸ ಒಂದೇ: ಬೆಳಗ್ಗೆ ಏಳೂವರೆಗೆ ನಿಮ್ಮನ್ನು ಹೊಟ್ಟೆ ತುಂಬಿಸಿ, ಒಣ ಬಟ್ಟೆಯಲ್ಲಿ, ನೆಗಡಿಯಿಲ್ಲದೆ ಗೇಟಿಗೆ ತಲುಪಿಸುವುದು. ಕೆಳಗಿನ ಹಂತಗಳೆಲ್ಲ ಅದಕ್ಕಾಗಿಯೇ ಇವೆ. ಕ್ರಮ ತಪ್ಪಿಸಬೇಡಿ, ಹೆಚ್ಚಿನವರು ಎಡವುವುದು ಕ್ರಮದಲ್ಲೇ.

## ಹಂತ 1: ಮೊದಲು ಪರ್ಮಿಟ್, ಆಮೇಲೆ ಕ್ಯಾಂಪ್

ಬ್ವಿಂಡಿ ರಾಷ್ಟ್ರೀಯ ಉದ್ಯಾನದ ವಿಸ್ತೀರ್ಣ ಸುಮಾರು 321 ಚದರ ಕಿಲೋಮೀಟರ್. ನಕ್ಷೆಯಲ್ಲಿ ಚಿಕ್ಕದಾಗಿ ಕಾಣುತ್ತದೆ, ಮೋಸ ಹೋಗುವುದು ಅಲ್ಲಿಯೇ. ಟ್ರೆಕ್ ಹೊರಡುವ ವಲಯಗಳು ನಾಲ್ಕು: ಉತ್ತರಕ್ಕೆ ಬುಹೋಮ, ಪೂರ್ವಕ್ಕೆ ರುಹಿಜಾ, ದಕ್ಷಿಣದ ಅಂಚಿನಲ್ಲಿ ರುಶಾಗ ಮತ್ತು ನ್ಕುರಿಂಗೊ. ನಿಮ್ಮ ಪರ್ಮಿಟ್ ಇವುಗಳಲ್ಲಿ ಒಂದಕ್ಕೆ ಮಾತ್ರ. ಒಂದರ ಬದಲು ಇನ್ನೊಂದರ ಗೇಟಿಗೆ ಹೋದರೆ ನಡೆಯುವುದಿಲ್ಲ.

ಬುಹೋಮದಿಂದ ರುಶಾಗಕ್ಕೆ ಕಾಡು ಬಳಸಿಕೊಂಡು ಹೋಗುವ ಗುಡ್ಡದ ಮಣ್ಣು ರಸ್ತೆಯಲ್ಲಿ ಮೂರು ಗಂಟೆಗೂ ಹೆಚ್ಚು ಬೇಕು. ಮಳೆ ಬಂದಿದ್ದರೆ ಎಷ್ಟು ಎಂದು ಡ್ರೈವರ್ ಕೂಡ ಹೇಳಲಾರ. "ಬೆಳಗ್ಗೆ ನಾಲ್ಕಕ್ಕೆ ಹೊರಟರೆ ಆಯಿತು" ಎಂದು ಯಾರಾದರೂ ಹೇಳಿದರೆ ಅವರ ಮಾತು ಕೇಳಬೇಡಿ. ಕತ್ತಲಲ್ಲಿ ಆ ರಸ್ತೆ ಹಿಡಿಯುವ ಹಾಗಿಲ್ಲ.

ಮಾಡಬೇಕಾದ ಕ್ರಮ ಹೀಗೆ:

1. ಯುಗಾಂಡಾ ವನ್ಯಜೀವಿ ಪ್ರಾಧಿಕಾರದಿಂದ, ಅಥವಾ ಅಲ್ಲಿ ನೋಂದಾಯಿಸಿಕೊಂಡ ಪ್ರವಾಸ ಸಂಸ್ಥೆಯ ಮೂಲಕ ಪರ್ಮಿಟ್ ತೆಗೆದುಕೊಳ್ಳಿ. ಪಾಸ್‌ಪೋರ್ಟ್‌ನಲ್ಲಿ ಇರುವ ಹಾಗೆಯೇ ಹೆಸರು ಇರಲಿ. ನಮ್ಮಲ್ಲಿ ಇನಿಷಿಯಲ್ ಬಿಡಿಸಿ ಬರೆಯುವುದರಲ್ಲಿ ಗೊಂದಲ ಜಾಸ್ತಿ, ಎರಡು ಸಲ ನೋಡಿ.
2. ಪರ್ಮಿಟ್ ಕೈಗೆ ಬಂದ ಮೇಲೆ ಅದರಲ್ಲಿ ಯಾವ ವಲಯ, ಯಾವ ದಿನಾಂಕ ಎಂದು ಓದಿ. ಏಜೆಂಟ್ ಬಾಯಲ್ಲಿ ಹೇಳಿದ್ದನ್ನು ನಂಬಬೇಡಿ.
3. ಆ ವಲಯದ ಗೇಟಿನಿಂದ ಎಷ್ಟು ದೂರ ಎಂದು ನೋಡಿ ಕ್ಯಾಂಪ್ ಆರಿಸಿ. ನಡೆದು ಹೋಗುವಷ್ಟು ಹತ್ತಿರ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಗಾಡಿಯಲ್ಲಿ ಅರ್ಧ ಗಂಟೆ ಮೀರಬಾರದು.
4. ಇದಿಷ್ಟೂ ಆದ ಮೇಲೆ ವಿಮಾನ.

ವಲಯ ಆರಿಸುವ ಅವಕಾಶ ಇದ್ದರೆ ಎತ್ತರ ಗಮನಿಸಿ. ಉದ್ಯಾನ 1,160 ಮೀಟರ್‌ನಿಂದ 2,607 ಮೀಟರ್‌ವರೆಗೆ ಹಬ್ಬಿದೆ. ಬುಹೋಮ ತಗ್ಗಿನಲ್ಲಿದೆ, ಸುಮಾರು 1,500 ಮೀಟರ್. ಮೊದಲ ಸಲ ಟೆಂಟ್‌ನಲ್ಲಿ ಮಲಗುವವರಿಗೆ ಅದೇ ಸರಿ. ರುಹಿಜಾ ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ ಎತ್ತರದಲ್ಲಿದೆ. ಅಲ್ಲಿ ರಾತ್ರಿ 10 ಡಿಗ್ರಿಯ ಆಸುಪಾಸಿಗೆ ಇಳಿಯುವುದುಂಟು. "ಆಫ್ರಿಕಾ, ಸಮಭಾಜಕ ವೃತ್ತ, ಸೆಕೆ ಇರುತ್ತೆ" ಎಂದುಕೊಂಡು ಒಂದು ತೆಳು ಶಾಲಿನಲ್ಲಿ ಹೋದವರು ಅಲ್ಲಿ ಬೆಳಗಿನವರೆಗೆ ಕೂತೇ ಕಳೆಯುತ್ತಾರೆ.

ಕುಟುಂಬದವರಿಗೆ ಒಂದು ಮಾತು: 15 ವರ್ಷದೊಳಗಿನ ಮಕ್ಕಳನ್ನು ಗೊರಿಲ್ಲಾ ಟ್ರೆಕ್‌ಗೆ ಬಿಡುವುದಿಲ್ಲ. ಮಗುವಿನ ಜೊತೆ ಕ್ಯಾಂಪ್‌ನಲ್ಲಿ ಉಳಿಯುವವರು ಯಾರು ಎಂದು ಮನೆಯಲ್ಲೇ ತೀರ್ಮಾನಿಸಿ.

## ಹಂತ 2: ಬುಕ್ ಮಾಡುವ ಮುನ್ನ ಕ್ಯಾಂಪ್‌ನವರನ್ನು ಕೇಳಿ

ಸಾದಾ ಕ್ಯಾಂಪ್ ಅಂದರೆ ಗುಡ್ಡದ ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಡಿದ ಜಾಗ, ಗುಂಡಿ ಕಕ್ಕಸು, ಬಕೆಟ್ ಸ್ನಾನ, ಒಂದು ಅಡುಗೆ ಮನೆ. ಕೆಲವು ಕಡೆ ಹುಲ್ಲಿನ ಚಪ್ಪರದ ಕೆಳಗೆ ಟೆಂಟ್ ಹಾಕಿಕೊಡುತ್ತಾರೆ. ಫೋಟೋ ನೋಡಿ ಏನೂ ತಿಳಿಯುವುದಿಲ್ಲ, ಎಲ್ಲ ಫೋಟೋಗಳೂ ಬಿಸಿಲಿನ ದಿನ ತೆಗೆದವು. ವಾಟ್ಸಾಪ್‌ನಲ್ಲಿ ನೇರವಾಗಿ ಕೇಳಿ:

- ಟೆಂಟ್ ನಿಮ್ಮದೋ, ನಾವು ತರಬೇಕೋ? ನಿಮ್ಮದಾದರೆ ಹಾಸಿಗೆ, ಕಂಬಳಿ ಎಷ್ಟು ಕೊಡುತ್ತೀರಿ?
- ಟೆಂಟ್ ಮೇಲೆ ಚಪ್ಪರ ಇದೆಯೇ?
- ರಾತ್ರಿ ಊಟ ಸಿಗುತ್ತದೆಯೇ? ಟ್ರೆಕ್‌ಗೆ ಬುತ್ತಿ ಕಟ್ಟಿಕೊಡುತ್ತೀರಾ?
- ಬೆಳಗ್ಗೆ ಆರಕ್ಕೆ ತಿಂಡಿ ಆಗುತ್ತದೆಯೇ?
- ಫೋನ್ ಚಾರ್ಜ್ ಮಾಡಲು ಕರೆಂಟ್ ಯಾವ ಹೊತ್ತಿನಲ್ಲಿ ಇರುತ್ತದೆ?
- ರಾತ್ರಿ ಕಾವಲಿಗೆ ಅಸ್ಕಾರಿ ಇರುತ್ತಾನೆಯೇ?

ಅಸ್ಕಾರಿ ಅಂದರೆ ಅಲ್ಲಿನ ಕಾವಲುಗಾರ. ಕೊನೆಯ ಪ್ರಶ್ನೆಗೆ ಇಲ್ಲ ಎಂಬ ಉತ್ತರ ಬಂದರೆ ಬೇರೆ ಕ್ಯಾಂಪ್ ನೋಡಿ. ಬೆಳಗ್ಗೆ ಆರಕ್ಕೆ ತಿಂಡಿಯ ಬಗ್ಗೆ "ನೋಡೋಣ" ಎಂದರೆ ಸಿಗುವುದಿಲ್ಲ ಎಂದೇ ಅರ್ಥ, ನಿಮ್ಮ ಅವಲಕ್ಕಿ ನೀವೇ ಒಯ್ಯಿರಿ.

ಬೆಂಗಳೂರಿನಿಂದ ವಿಮಾನದಲ್ಲಿ ಹೋಗುವವರು ಒಂದೆರಡು ರಾತ್ರಿಗಾಗಿ ಸ್ವಂತ ಟೆಂಟ್ ಹೊರುವುದು ದಂಡ ಎನ್ನುವುದು ನನ್ನ ಅಭಿಪ್ರಾಯ. ಕ್ಯಾಂಪ್‌ನವರ ಟೆಂಟ್ ಬಾಡಿಗೆಗೆ ಹಿಡಿದು, ಆ ತೂಕದಲ್ಲಿ ಒಳ್ಳೆಯ ಸ್ಲೀಪಿಂಗ್ ಬ್ಯಾಗ್ ಒಯ್ಯಿರಿ. ಎಸೆದರೆ ತಾನೇ ಬಿಚ್ಚಿಕೊಳ್ಳುವ ಒಂದೇ ಪದರದ ಟೆಂಟ್ ಅಂತೂ ಬೇಡವೇ ಬೇಡ. ಅದು ಕಬ್ಬನ್ ಪಾರ್ಕಿನ ನೆರಳಿಗೆ ಸರಿ.

## ಹಂತ 3: ಊರು ಬಿಡುವ ಮೊದಲು ಮುಗಿಸುವ ಕೆಲಸ

ಹಳದಿ ಜ್ವರದ ಲಸಿಕೆಯಿಂದ ಶುರು ಮಾಡಿ. ಯುಗಾಂಡಾಕ್ಕೆ ಕಾಲಿಡಲು ಆ ಲಸಿಕೆಯ ಪ್ರಮಾಣಪತ್ರ ಬೇಕು. ವಾಪಸ್ ಬರುವಾಗ ಅದಿಲ್ಲದಿದ್ದರೆ ಭಾರತದಲ್ಲಿ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸುತ್ತಾರೆ. ಸರ್ಕಾರ ಮಾನ್ಯ ಮಾಡಿದ ಕೇಂದ್ರಗಳಲ್ಲಿ ಮಾತ್ರ ಈ ಲಸಿಕೆ ಸಿಗುತ್ತದೆ, ಅಪಾಯಿಂಟ್‌ಮೆಂಟ್ ಬೇಕಾಗುತ್ತದೆ. ಲಸಿಕೆ ಹಾಕಿಸಿಕೊಂಡ ಹತ್ತು ದಿನದ ನಂತರವಷ್ಟೇ ಪ್ರಮಾಣಪತ್ರ ಊರ್ಜಿತ. "ಹೊರಡುವ ವಾರ ಹಾಕಿಸಿದರಾಯಿತು" ಎನ್ನುವವರು ವಿಮಾನ ನಿಲ್ದಾಣದಲ್ಲೇ ಸಿಕ್ಕಿಬೀಳುತ್ತಾರೆ.

ಮಲೇರಿಯಾ ಮಾತ್ರೆಯ ಬಗ್ಗೆ ವೈದ್ಯರ ಹತ್ತಿರ ಮಾತಾಡಿ. ಗುಡ್ಡದ ಮೇಲೆ ಸೊಳ್ಳೆ ಕಮ್ಮಿ, ಆದರೆ ಹೆಚ್ಚಿನವರು ವಿಮಾನ ಇಳಿಯುವ ಎಂಟೆಬೆ, ರಾಜಧಾನಿ ಕಂಪಾಲಾ ದಾಟಿಯೇ ಬರುತ್ತಾರೆ. ಈ ಮಾತ್ರೆಗಳನ್ನು ಹೊರಡುವ ಮೊದಲೇ ಶುರು ಮಾಡಬೇಕಾಗುತ್ತದೆ, ಬಂದ ಮೇಲೂ ಮುಂದುವರಿಸಬೇಕಾಗುತ್ತದೆ.

ವೀಸಾ ಆನ್‌ಲೈನ್‌ನಲ್ಲಿ ಆಗುತ್ತದೆ. ರುವಾಂಡಾದ ಕಿಗಾಲಿಯಲ್ಲಿ ಇಳಿದು ಗಡಿ ದಾಟುವ ಯೋಚನೆ ಇದ್ದರೆ ಯುಗಾಂಡಾ, ರುವಾಂಡಾ, ಕೀನ್ಯಾ ಮೂರಕ್ಕೂ ಸಲ್ಲುವ ಪೂರ್ವ ಆಫ್ರಿಕಾ ಪ್ರವಾಸಿ ವೀಸಾ ನೋಡಿ. ದಕ್ಷಿಣದ ವಲಯಗಳಿಗೆ ಕಿಗಾಲಿ ಬಹಳ ಹತ್ತಿರ. ಆ ದಾರಿಯಲ್ಲಿ ಬರುವವರು ಪ್ಲಾಸ್ಟಿಕ್ ಕ್ಯಾರಿಬ್ಯಾಗ್ ತರಬಾರದು. ರುವಾಂಡಾ 2008ರಲ್ಲೇ ಅವನ್ನು ನಿಷೇಧಿಸಿದೆ. ಚಟ್ನಿಪುಡಿಯಿಂದ ಚಪ್ಪಲಿವರೆಗೆ ಎಲ್ಲವನ್ನೂ ಕವರಿನಲ್ಲಿ ಸುತ್ತುವ ನಮ್ಮ ಅಭ್ಯಾಸ ಅಲ್ಲಿ ನಡೆಯುವುದಿಲ್ಲ. ಬಟ್ಟೆ ಚೀಲ, ಡಬ್ಬಿ ಬಳಸಿ.

ಯಾವ ತಿಂಗಳು? ಮಾರ್ಚ್‌ನಿಂದ ಮೇ, ಸೆಪ್ಟೆಂಬರ್‌ನಿಂದ ನವೆಂಬರ್ ದೊಡ್ಡ ಮಳೆ. ಟೆಂಟ್‌ನಲ್ಲಿ ಮಲಗುವವರಿಗೆ ಜೂನ್‌ನಿಂದ ಆಗಸ್ಟ್ ಅಥವಾ ಡಿಸೆಂಬರ್ ಕೊನೆಯಿಂದ ಫೆಬ್ರವರಿ ಸರಿ. ಆದರೂ ಮಳೆಯಂಗಿ ಬಿಟ್ಟು ಹೋಗಬೇಡಿ, ಇದು ಮಳೆಕಾಡು.

## ಹಂತ 4: ಸಾಮಾನು ಕಟ್ಟುವುದು

ಮಲೆನಾಡಿನಲ್ಲಿ ಚಾರಣ ಮಾಡಿದವರಿಗೆ ಅರ್ಧ ಪಟ್ಟಿ ಗೊತ್ತೇ ಇದೆ. ಉಂಬಳದ ಸಾಕ್ಸ್ ಇಟ್ಟುಕೊಳ್ಳಿ, ಇಲ್ಲಿ ಅದು ಇರುವೆಗೆ ಆಗುತ್ತದೆ. ಉಳಿದದ್ದು:

ಮಲಗಲು: 5 ಡಿಗ್ರಿಗೆ ಆರಾಮ ಎಂದು ಬರೆದಿರುವ ಸ್ಲೀಪಿಂಗ್ ಬ್ಯಾಗ್, ಅದರಡಿಗೆ ಹಾಸಲು ಫೋಮ್ ಮ್ಯಾಟ್. ಮೇಲೆ ಎಷ್ಟು ಹೊದ್ದರೂ ಚಳಿ ನೆಲದಿಂದ ಏರುತ್ತದೆ, ಮ್ಯಾಟ್ ಇಲ್ಲದೆ ಕಂಬಳಿ ಕೆಲಸ ಮಾಡುವುದಿಲ್ಲ. ಉಣ್ಣೆ ಟೊಪ್ಪಿ. ಮಲಗುವುದಕ್ಕೆಂದೇ ಎತ್ತಿಟ್ಟ ಒಂದು ಜೊತೆ ಒಣ ಬಟ್ಟೆ ಮತ್ತು ಸಾಕ್ಸ್. ಯಾವ ಕಾರಣಕ್ಕೂ ಇವನ್ನು ಹಗಲು ತೊಡಬೇಡಿ.

ನಡೆಯಲು: ಮೊದಲೇ ತೊಟ್ಟು ಪಳಗಿಸಿದ ಬೂಟು, ದಪ್ಪ ಪ್ಯಾಂಟ್, ಉದ್ದ ತೋಳಿನ ಅಂಗಿ, ತೋಟದ ಕೆಲಸಕ್ಕೆ ಹಾಕುವ ತರಹದ ಕೈಗವಸು. ದಾರಿಯುದ್ದಕ್ಕೂ ತುರಚೆ ಗಿಡ ಇರುತ್ತದೆ, ಜಾರಿದಾಗ ಕೈ ಮೊದಲು ಹಿಡಿಯುವುದು ಅದನ್ನೇ.

ಬೆಳಕು, ಕರೆಂಟ್: ತಲೆಗೆ ಕಟ್ಟುವ ಟಾರ್ಚ್, ಹೆಚ್ಚುವರಿ ಸೆಲ್, ಪವರ್ ಬ್ಯಾಂಕ್. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಲಿ, ಚೆಕ್-ಇನ್ ಬ್ಯಾಗಿಗೆ ಹಾಕುವ ಹಾಗಿಲ್ಲ. ಯುಗಾಂಡಾದ ಪ್ಲಗ್ ಬ್ರಿಟಿಷ್ ಮಾದರಿಯ ಚಪ್ಪಟೆ ಮೂರು ಪಿನ್, ನಮ್ಮ ಗುಂಡು ಪಿನ್ ಹಿಡಿಸುವುದಿಲ್ಲ. ಅಡಾಪ್ಟರ್ ಬೇಕು.

ಬೇಡವಾದದ್ದು: ಗ್ಯಾಸ್ ಡಬ್ಬಿ ವಿಮಾನದಲ್ಲಿ ಬಿಡುವುದಿಲ್ಲ, ಆದ್ದರಿಂದ ಚಿಕ್ಕ ಗ್ಯಾಸ್ ಒಲೆ ಹೊತ್ತೊಯ್ದು ಪ್ರಯೋಜನವಿಲ್ಲ. ಇನ್ನೊಂದು, ಮಿಲಿಟರಿ ಮಚ್ಚೆಯ ಪ್ಯಾಂಟು, ಟೊಪ್ಪಿ. ನಮ್ಮಲ್ಲಿ ಪ್ರತಿ ಚಾರಣ ಗುಂಪಿನಲ್ಲೂ ಇಬ್ಬರು ಅದನ್ನೇ ತೊಟ್ಟಿರುತ್ತಾರೆ. ಯುಗಾಂಡಾದಲ್ಲಿ ಸೈನ್ಯದವರಲ್ಲದೆ ಬೇರೆಯವರು ತೊಡುವುದು ಕಾನೂನಿಗೆ ವಿರುದ್ಧ, ಪೊಲೀಸರು ಹಿಡಿಯಬಹುದು.

ದುಡ್ಡು: ಕಾಡಿನ ಹತ್ತಿರ ಎಟಿಎಂ ನಂಬಬೇಡಿ. ಕಬಾಲೆ ಅಥವಾ ಕಿಸೋರೊ ಪಟ್ಟಣದಲ್ಲಿ ಶಿಲ್ಲಿಂಗ್ ತೆಗೆದುಕೊಳ್ಳಿ, ಚಿಲ್ಲರೆ ನೋಟು ಜಾಸ್ತಿ ಇರಲಿ. ಡಾಲರ್ ಒಯ್ದರೆ ಹೊಸ ಸರಣಿಯ, ಹರಿಯದ, ಗೀಚಿಲ್ಲದ ನೋಟು ಮಾತ್ರ, ಹಳೆಯದನ್ನು ತೆಗೆದುಕೊಳ್ಳುವುದಿಲ್ಲ.

## ಹಂತ 5: ತಲುಪುವ ಹೊತ್ತು

ಟ್ರೆಕ್‌ಗೆ ಎರಡು ರಾತ್ರಿ ಮೊದಲೇ ಕ್ಯಾಂಪ್ ತಲುಪಿದರೆ ಉತ್ತಮ. ಅದಾಗದಿದ್ದರೆ ಹಿಂದಿನ ದಿನ ಮಧ್ಯಾಹ್ನ ಮೂರರೊಳಗೆ. ಕಂಪಾಲಾದಿಂದ ಬುಹೋಮಕ್ಕೆ ರಸ್ತೆಯಲ್ಲಿ ಇಡೀ ದಿನ ಹಿಡಿಯುತ್ತದೆ. ಬಸ್ಸಿನಲ್ಲಿ ಬರುವವರು ಬುಟೊಗೊಟಾದಲ್ಲಿ ಇಳಿದು, ಅಲ್ಲಿಂದ ಸುಮಾರು 17 ಕಿಲೋಮೀಟರ್ ಬಾಡಿಗೆ ಕಾರು ಅಥವಾ ಬೋಡಾ ಬೋಡಾ ಎನ್ನುವ ಬೈಕ್ ಹಿಡಿಯಬೇಕು. ಬೆನ್ನಿಗೆ ದೊಡ್ಡ ಚೀಲ ಹಾಕಿಕೊಂಡು ಕತ್ತಲಲ್ಲಿ ಬೈಕ್ ಹತ್ತಬೇಡಿ.

ಸಮಭಾಜಕ ವೃತ್ತದ ಹತ್ತಿರವಾದ್ದರಿಂದ ವರ್ಷವಿಡೀ ಏಳರ ಆಸುಪಾಸಿಗೆ ಸೂರ್ಯ ಮುಳುಗುತ್ತಾನೆ. ಮುಸ್ಸಂಜೆ ಎಂಬುದು ಅಲ್ಲಿ ಬಹಳ ಗಿಡ್ಡ, ಚಹಾ ಕುಡಿದು ಎದ್ದರೆ ಕಗ್ಗತ್ತಲು.

ಗಡಿಯಾರದ ವಿಷಯ ಇನ್ನೂ ಮುಖ್ಯ. ಯುಗಾಂಡಾ ಭಾರತಕ್ಕಿಂತ ಎರಡೂವರೆ ಗಂಟೆ ಹಿಂದೆ. ರುವಾಂಡಾ ಮತ್ತು ಪೂರ್ವ ಕಾಂಗೋ ಯುಗಾಂಡಾಕ್ಕಿಂತ ಇನ್ನೂ ಒಂದು ಗಂಟೆ ಹಿಂದೆ. ಬ್ವಿಂಡಿ ಈ ಎರಡೂ ಗಡಿಗಳ ಮಗ್ಗುಲಲ್ಲಿದೆ. ಗುಡ್ಡದ ಮೇಲೆ ಮಲಗಿದಾಗ ಫೋನ್ ಆ ಕಡೆಯ ಟವರ್ ಹಿಡಿದರೆ ಸಮಯ ತಾನಾಗಿ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಐದೂವರೆಯ ಅಲಾರಾಂ ಆರೂವರೆಗೆ ಬಡಿಯುತ್ತದೆ. ಕ್ಯಾಂಪ್ ತಲುಪಿದ ಕೂಡಲೇ ಸೆಟ್ಟಿಂಗ್‌ಗೆ ಹೋಗಿ ತಾನಾಗಿ ಸಮಯ ಬದಲಾಗುವುದನ್ನು ನಿಲ್ಲಿಸಿ, ಕಂಪಾಲಾ ಸಮಯ ಕೈಯಾರೆ ಹಾಕಿ. ಕೈಗಡಿಯಾರ ಇದ್ದರೆ ಅದಕ್ಕಿಂತ ಒಳ್ಳೆಯದಿಲ್ಲ.

## ಹಂತ 6: ಟೆಂಟ್ ಹಾಕುವುದು, ಅಥವಾ ಹಾಕಿದ್ದನ್ನು ಪರೀಕ್ಷಿಸುವುದು

ಬೆಳಕಿರುವಾಗಲೇ ಮಾಡಬೇಕಾದ ಕೆಲಸ. ಚಹಾ ಆಮೇಲೆ.

1. ಮೇಲೆ ನೋಡಿ. ಅಲ್ಲೂ ನೀಲಗಿರಿ ಮರ ಬೇಕಾದಷ್ಟು ನೆಟ್ಟಿದ್ದಾರೆ. ಗಾಳಿಗೆ ಅದರ ಕೊಂಬೆ ಮುರಿದು ಬೀಳುವುದು ನಮಗೇನೂ ಹೊಸದಲ್ಲ. ಅದರಡಿ ಟೆಂಟ್ ಬೇಡ.

2. ಗುಡ್ಡದ ಕಡೆ ನೋಡಿ. ಮೇಲಿನ ಮೆಟ್ಟಿಲಿನ ನೀರು ಎಲ್ಲಿ ಇಳಿಯುತ್ತದೆ? ಕೆಂಪು ಮಣ್ಣಿನಲ್ಲಿ ನೀರು ಹರಿದ ಗೆರೆ ಕಂಡರೆ ಅದೇ ಇಂದು ರಾತ್ರಿಯ ದಾರಿ. ಎಲ್ಲಕ್ಕಿಂತ ಕೆಳಗಿನ, ಸಮತಟ್ಟಾದ, ಹಸಿರು ಹುಲ್ಲಿನ ಚಂದದ ಜಾಗವನ್ನು ಬಿಟ್ಟುಬಿಡಿ. ಅಲ್ಲಿ ಹುಲ್ಲು ಹಸಿರಾಗಿರುವುದು ನೀರು ನಿಲ್ಲುವುದರಿಂದಲೇ.

3. ನೆಲ ನೋಡಿ. ಒಂದು ಬೆರಳಗಲದ ಕಂದು ಸಾಲು ನೆಲದ ಮೇಲೆ ಹರಿಯುತ್ತಿದ್ದರೆ ಅದು ಸಿಯಾಫು ಇರುವೆಯ ದಂಡು. ಸಾಲಿನ ಇಕ್ಕೆಲದಲ್ಲೂ ದೊಡ್ಡ ತಲೆಯವು ಬಾಯಿ ಅಗಲಿಸಿ ಕಾವಲು ನಿಂತಿರುತ್ತವೆ. ಕಚ್ಚಿದರೆ ಬಿಡುವುದಿಲ್ಲ, ಒಂದೊಂದಾಗಿ ಕೀಳಬೇಕು. ಜಾಗ ಬದಲಿಸಿ.

4. ಅಡಿಹಾಸು ಒಳಗೆ ಮಡಚಿ. ಟೆಂಟ್ ಕೆಳಗೆ ಹಾಸುವ ತಾಡಪಾಲು ಟೆಂಟ್‌ಗಿಂತ ನಾಲ್ಕು ಬೆರಳು ಚಿಕ್ಕದಾಗಿರಬೇಕು. ಅಂಚು ಹೊರಗೆ ಚಾಚಿದ್ದರೆ ಮೇಲಿಂದ ಇಳಿದ ಮಳೆನೀರು ಅದರ ಮೇಲೆ ಬಿದ್ದು, ತಾಡಪಾಲಿಗೂ ಟೆಂಟ್ ತಳಕ್ಕೂ ನಡುವೆ ನುಗ್ಗುತ್ತದೆ. ನೀವು ನೀರಿನ ಚೀಲದ ಮೇಲೆ ಮಲಗಿದ ಹಾಗಾಗುತ್ತದೆ. ಒಳಗೆ ನೀರು ಬಂತು ಎನ್ನುವ ಎಷ್ಟೋ ದೂರುಗಳಿಗೆ ಕಾರಣ ಇದೇ. ಕ್ಯಾಂಪ್‌ನವರು ಹಾಕಿದ ಟೆಂಟ್ ಆದರೂ ಸುತ್ತ ಒಂದು ಸಲ ಬಗ್ಗಿ ನೋಡಿ, ಅಂಚನ್ನು ಕೈಯಿಂದಲೇ ಒಳಗೆ ತಳ್ಳಬಹುದು.

5. ಮೇಲುಹೊದಿಕೆ ಬಿಗಿ ಮಾಡಿ. ಒಳಗಿನ ಬಟ್ಟೆಗೂ ಮೇಲುಹೊದಿಕೆಗೂ ಎಲ್ಲೂ ತಾಕಬಾರದು, ತಾಕಿದಲ್ಲಿ ನೀರು ಸೋರುತ್ತದೆ. ಒದ್ದೆ ಜೇಡಿಮಣ್ಣಿನಲ್ಲಿ ಗೂಟ ಸಡಿಲಾಗುತ್ತದೆ. ಗೂಟದ ತಲೆ ಟೆಂಟ್‌ನಿಂದ ಆಚೆಗೆ ವಾಲುವಂತೆ ಓರೆಯಾಗಿ ಹೊಡೆದು, ಮೇಲೆ ಒಂದು ಕಲ್ಲು ಇಡಿ. ಮಲಗುವ ಮುಂಚೆ ಹಗ್ಗ ಇನ್ನೊಮ್ಮೆ ಎಳೆದು ನೋಡಿ.

6. ಗಾಳಿಕಿಂಡಿ ಮುಚ್ಚಬೇಡಿ. ಚಳಿ ಎಂದು ಎಲ್ಲ ಜಿಪ್ ಎಳೆದರೆ ಉಸಿರಿನ ಹಬೆಯೇ ಛಾವಣಿಗೆ ಕಟ್ಟಿ ತೊಟ್ಟಿಕ್ಕುತ್ತದೆ. ಸೊಳ್ಳೆಪರದೆ ಜಿಪ್ ಮಾತ್ರ ಪೂರ್ತಿ ಹಾಕಿ, ಮೇಲಿನ ಕಿಂಡಿ ತೆರೆದಿರಲಿ.

ಜೀವದ ಎಚ್ಚರಿಕೆ: ಇದ್ದಿಲು ಒಲೆಯನ್ನು, ಅಲ್ಲಿ ಅದಕ್ಕೆ ಸಿಗಿರಿ ಎನ್ನುತ್ತಾರೆ, ಕಾಯಿಸಿಕೊಳ್ಳಲೆಂದು ಟೆಂಟ್ ಒಳಗೆ ತರಬೇಡಿ. ಹೊಗೆ ಕಾಣದಿದ್ದರೂ, ಕೆಂಡ ಆರಿದ ಹಾಗೆ ಕಂಡರೂ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಬರುತ್ತಲೇ ಇರುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ ಶುರುವಾದರೆ ಆ ಕ್ಷಣ ಹೊರಗೆ ಬನ್ನಿ, ಜೊತೆಯವರನ್ನೂ ಎಳೆದು ತನ್ನಿ. ಕ್ಯಾಂಪ್‌ನ ಹುಡುಗರು ಒಳ್ಳೆಯ ಮನಸ್ಸಿನಿಂದ ತಂದಿಟ್ಟರೂ ಹೊರಗಿಡಿಸಿ. ಬದಲಿಗೆ ಕುದಿನೀರು ತುಂಬಿದ ಬಾಟಲಿ ಕೇಳಿ ಪಡೆಯಿರಿ. ಸಾಕ್ಸ್ ಒಳಗೆ ತೂರಿಸಿ ಕಾಲ ಹತ್ತಿರ ಇಟ್ಟುಕೊಂಡರೆ ಅರ್ಧ ರಾತ್ರಿಯವರೆಗೆ ಬೆಚ್ಚಗಿರುತ್ತದೆ.

## ಹಂತ 7: ನೀರು, ಊಟ, ಕಕ್ಕಸು

ನಲ್ಲಿ ನೀರಾಗಲಿ, ತೊರೆ ನೀರಾಗಲಿ ನೇರ ಕುಡಿಯಬೇಡಿ. ಕುದಿಸಿ ಆರಿಸಿದ್ದನ್ನು ಕೇಳಿ, ಇಲ್ಲವೇ ಕ್ಲೋರಿನ್ ಮಾತ್ರೆ ಹಾಕಿ ಅರ್ಧ ಗಂಟೆ ಬಿಡಿ. ಟ್ರೆಕ್‌ಗೆ ಎರಡು ಲೀಟರ್‌ಗಿಂತ ಕಡಿಮೆ ಒಯ್ಯಬಾರದು; ಆ ನೀರನ್ನು ಹಿಂದಿನ ಸಂಜೆಯೇ ತುಂಬಿಸಿಡಿ. ಹಲ್ಲುಜ್ಜಲು ಕೂಡ ಅದೇ ನೀರು.

ಕೈ ತೊಳೆಯಲು ಅನೇಕ ಕಡೆ ಒಂದು ಕೋಲಿಗೆ ಹಳದಿ ಜೆರಿಕ್ಯಾನ್ ತೂಗುಹಾಕಿ, ಅದರ ಕತ್ತಿನಿಂದ ನೆಲದ ಮೇಲಿನ ಒಂದು ಕಡ್ಡಿಗೆ ದಾರ ಕಟ್ಟಿರುತ್ತಾರೆ. ಕಡ್ಡಿಯನ್ನು ಕಾಲಲ್ಲಿ ಒತ್ತಿದರೆ ಕ್ಯಾನ್ ಬಾಗಿ ನೀರು ಸುರಿಯುತ್ತದೆ. ಕ್ಯಾನನ್ನು ಕೈಯಲ್ಲಿ ಮುಟ್ಟುವ ಅಗತ್ಯವೇ ಇಲ್ಲ. ಕಕ್ಕಸಿನಿಂದ ಬಂದು ಗಾಬರಿಯಲ್ಲಿ ಅದನ್ನೇ ಹಿಡಿದು ಎತ್ತುವವರಿದ್ದಾರೆ. ಹಾಗೆ ಮಾಡಿದರೆ ಆ ಏರ್ಪಾಡಿನ ಉದ್ದೇಶವೇ ಹಾಳು.

ಬಿಸಿನೀರು ಸೌದೆಯಲ್ಲಿ ಕಾಯಬೇಕು. ಸಂಜೆ ನಾಲ್ಕಕ್ಕೇ ಹೇಳಿ, ಬೆಳಕಿರುವಾಗಲೇ ಸ್ನಾನ ಮುಗಿಸಿ. ಕತ್ತಲಾದ ಮೇಲೆ ತಲೆಸ್ನಾನ ಮಾಡಿ ಒದ್ದೆ ಕೂದಲಲ್ಲಿ ಮಲಗಿದರೆ ರಾತ್ರಿಯಿಡೀ ಚಳಿಗೆ ನಿದ್ದೆ ಹತ್ತುವುದಿಲ್ಲ.

ಊಟಕ್ಕೂ ಅಷ್ಟೇ, ಮೊದಲೇ ಹೇಳಬೇಕು. ಇದ್ದಿಲಿನ ಮೇಲೆ ಬೀನ್ಸ್ ಕಾಳು ಬೇಯಲು ಎರಡು ಗಂಟೆಯಾದರೂ ಬೇಕು. ಸಸ್ಯಾಹಾರಿಗಳಿಗೆ ಅಲ್ಲಿ ಉಪವಾಸದ ಭಯವಿಲ್ಲ: ಮೆಕ್ಕೆಜೋಳದ ಹಿಟ್ಟಿನ ಗಟ್ಟಿ ಮುದ್ದೆಯಂಥ ಪೋಶೊ, ಬೇಯಿಸಿ ಕಿವುಚಿದ ಬಾಳೆಕಾಯಿಯ ಮಟೋಕೆ, ಶೇಂಗಾ ಸಾರು, ಆಲೂಗಡ್ಡೆ, ಚಪಾತಿ. ಚಪಾತಿಯಲ್ಲಿ ಆಮ್ಲೆಟ್ ಸುತ್ತಿಕೊಡುವ ರೋಲೆಕ್ಸ್ ಮೊಟ್ಟೆ ತಿನ್ನುವವರಿಗೆ ವರ. ಆದರೆ "ಸಸ್ಯಾಹಾರಿ" ಎಂದಷ್ಟೇ ಹೇಳಿದರೆ ಸಾಲದು. ಮಾಂಸ, ಕೋಳಿ, ಮೀನು, ಮಾಂಸ ಬೇಯಿಸಿದ ನೀರು ಯಾವುದೂ ಬೇಡ ಎಂದು ಬಿಡಿಸಿ ಹೇಳಿ. ಎಲ್ಲ ಸಪ್ಪೆಯಾಗಿರುತ್ತದೆ, ಚಟ್ನಿಪುಡಿ ಡಬ್ಬಿಗೆ ಬೆಲೆ ಬರುವುದು ಆಗಲೇ.

ಅಡುಗೆಯಾಕೆಯನ್ನು ನ್ಯಾಬೊ, ಗಂಡಸರನ್ನು ಸೆಬೊ ಎಂದು ಕರೆಯಿರಿ. ಮಾತಿಗೆ ಮುಂಚೆ ಕುಶಲ ಕೇಳುವುದು ಅಲ್ಲಿನ ಪದ್ಧತಿ. ನೇರವಾಗಿ "ಬಿಸಿನೀರು ಎಲ್ಲಿ?" ಎಂದರೆ ಒರಟುತನ.

ಗುಂಡಿ ಕಕ್ಕಸಿಗೆ ಟಾರ್ಚ್ ತಲೆಗೆ ಕಟ್ಟಿಕೊಂಡು ಹೋಗಿ, ಕೈಯಲ್ಲಿ ಹಿಡಿದ ಫೋನ್ ಗುಂಡಿಗೆ ಬಿದ್ದರೆ ಅದರ ಕಥೆ ಅಲ್ಲಿಗೇ ಮುಗಿಯಿತು. ಕಕ್ಕಸು ದೂರ ಎಂದು ಕಾಡಂಚಿನಲ್ಲಿ ಕೂರಬಾರದು. ಯಾಕೆ ಎಂಬುದು ಮುಂದಿನ ಹಂತದಲ್ಲಿದೆ.

## ಹಂತ 8: ಕಸ, ಬಟ್ಟೆ, ಪ್ರಾಣಿಗಳು

1996ರಲ್ಲಿ ಬ್ವಿಂಡಿಯ ಗೊರಿಲ್ಲಾಗಳಿಗೆ ಕಜ್ಜಿ ತಗುಲಿ ಒಂದು ಮರಿ ಸತ್ತಿತು. ಆಗ ಚಿಕಿತ್ಸೆಗೆ ಹೋದ ಪಶುವೈದ್ಯೆ ಗ್ಲಾಡಿಸ್ ಕಲೆಮಾ-ಜಿಕುಸೋಕಾ ಮತ್ತು ಅವರ ತಂಡ ಅದರ ಜಾಡು ಹಿಡಿದಾಗ ಸಂಶಯ ಹೋದದ್ದು ಕಾಡಂಚಿನ ಜನರ ಕಡೆಗೆ. ಗೊರಿಲ್ಲಾಗಳು ಹೊಲಗಳಿಗೆ ಬಂದಾಗ ಬೆದರುಬೊಂಬೆಗೆ ತೊಡಿಸಿದ ಕೊಳೆ ಬಟ್ಟೆಯನ್ನು ಮುಟ್ಟಿ ಸೋಂಕು ದಾಟಿರಬೇಕು ಎಂದು ಅವರು ಕಂಡುಕೊಂಡರು. ಗೊರಿಲ್ಲಾಗಳು ನಮಗೆ ಎಷ್ಟು ಹತ್ತಿರದವೆಂದರೆ ನಮ್ಮ ಕಜ್ಜಿ, ನಮ್ಮ ನೆಗಡಿ ಎಲ್ಲವೂ ಅವಕ್ಕೆ ಅಂಟುತ್ತದೆ.

ಕ್ಯಾಂಪ್‌ನಲ್ಲಿ ಇದರ ಅರ್ಥ ಇಷ್ಟು:

- ಬೆವರಿನ ಬಟ್ಟೆ, ಟವೆಲ್ಲನ್ನು ಕಾಡಿನ ಕಡೆಯ ಬೇಲಿಗೆ ಒಣಹಾಕಬೇಡಿ. ಕ್ಯಾಂಪ್ ನಡುವಿನ ಹಗ್ಗಕ್ಕೆ ಹಾಕಿ, ಕತ್ತಲಾಗುವ ಮುಂಚೆ ಒಳಗೆ ತನ್ನಿ.
- ಬಳಸಿದ ಮಾಸ್ಕ್, ಟಿಶ್ಯೂ ಕಾಗದ, ಬ್ಯಾಂಡೇಜ್ ನಿಮ್ಮ ಚೀಲದಲ್ಲೇ ಪಟ್ಟಣಕ್ಕೆ ವಾಪಸ್ ಬರಲಿ.
- ಬಾಳೆಹಣ್ಣಿನ ಸಿಪ್ಪೆಯನ್ನು "ಮಣ್ಣಿಗೆ ಗೊಬ್ಬರ" ಎಂದು ಕಾಡಿಗೆ ಎಸೆಯಬೇಡಿ. ಬಬೂನ್‌ಗಳು ಮರುದಿನದಿಂದ ಟೆಂಟ್ ಜಿಪ್ ಕಲಿಯುತ್ತವೆ.
- ಟೆಂಟ್ ಒಳಗೆ ತಿಂಡಿ ಇಡಬೇಡಿ, ಅಡುಗೆ ಮನೆಯಲ್ಲಿ ಡಬ್ಬಿ ಕೊಟ್ಟುಬಿಡಿ.

ಬುಹೋಮದ ಕಡೆ ಮನುಷ್ಯರಿಗೆ ಒಗ್ಗಿದ ಗೊರಿಲ್ಲಾ ಗುಂಪು ಕೆಲವೊಮ್ಮೆ ಕ್ಯಾಂಪ್, ಲಾಡ್ಜ್‌ಗಳ ಅಂಗಳಕ್ಕೇ ಬರುವುದುಂಟು. ಹಾಗಾದರೆ ಪುಕ್ಕಟೆ ದರ್ಶನ ಎಂದು ಫೋನ್ ಹಿಡಿದು ಮುಂದೆ ಹೋಗಬೇಡಿ. ಮಾಸ್ಕ್ ಹಾಕಿ, ಓಡದೆ ಹಿಂದೆ ಸರಿಯಿರಿ, ಹತ್ತು ಮೀಟರ್ ಅಂತರ ಇರಲಿ. ಬೆಳ್ಳಿಬೆನ್ನಿನ ಗಂಡು ನಿಮ್ಮ ಕಡೆ ತಿರುಗಿದರೆ ಕಣ್ಣಿಗೆ ಕಣ್ಣಿಡದೆ ಬಗ್ಗಿ ಕೂರಿ, ಸಿಬ್ಬಂದಿಗೆ ಹೇಳಿಕಳಿಸಿ.

ರಾತ್ರಿ ಟೆಂಟ್‌ಗೆ ಸಿಯಾಫು ನುಗ್ಗಿದರೆ ಒಳಗೆ ಕೂತು ಹೊಡೆಯುತ್ತಾ ಇರಬೇಡಿ. ಹೊರಗೆ ಬಂದು ಅಸ್ಕಾರಿಯನ್ನು ಕೂಗಿ. ಅವರು ಬೂದಿ ಸುರಿದು ಸಾಲಿನ ದಾರಿ ತಪ್ಪಿಸುತ್ತಾರೆ. ದಂಡು ದಾಟಿಹೋಗುವವರೆಗೆ ಅಡುಗೆ ಮನೆಯಲ್ಲಿ ಕೂತಿರಿ. ರುಹಿಜಾ ಕಡೆಯ ಕಾಡಿನಲ್ಲಿ ಆನೆಗಳಿವೆ, ಕತ್ತಲಲ್ಲಿ ಕ್ಯಾಂಪ್ ಗಡಿ ದಾಟಬೇಡಿ.

## ಹಂತ 9: ಹಿಂದಿನ ಸಂಜೆಯಿಂದ ಗೇಟಿನವರೆಗೆ

ಸಂಜೆ ಆರು: ಬುತ್ತಿ ಮತ್ತು ಬೆಳಗಿನ ತಿಂಡಿ ಎರಡನ್ನೂ ಮತ್ತೊಮ್ಮೆ ನೆನಪಿಸಿ. ಗೇಟಿಗೆ ಗಾಡಿ ಬೇಕಿದ್ದರೆ ಡ್ರೈವರ್‌ಗೆ ಆರೂಮುಕ್ಕಾಲಿಗೆ ಬರಲು ಹೇಳಿ. ಏಳಕ್ಕೆ ಎಂದರೆ ಏಳೂಕಾಲು ಆಗುತ್ತದೆ.

ಏಳು: ಟ್ರೆಕ್ ಚೀಲ ಪೂರ್ತಿ ಕಟ್ಟಿ. ಪಾಸ್‌ಪೋರ್ಟ್, ಪರ್ಮಿಟ್, ಮಾಸ್ಕ್ ಎರಡು, ಮಳೆಯಂಗಿ, ನೀರು, ಕೈಗವಸು, ಚಿಲ್ಲರೆ ನೋಟು. ಪಾಸ್‌ಪೋರ್ಟ್ ಮರೆತು ಕ್ಯಾಂಪ್‌ಗೆ ಓಡುವವರು ದಿನಾ ಒಬ್ಬರಾದರೂ ಇರುತ್ತಾರೆ.

ಎಂಟು: ಬೂಟನ್ನು ಟೆಂಟ್ ಒಳಗೆ, ಬಾಯಿ ಮುಚ್ಚುವಂತೆ ಸಾಕ್ಸ್ ತುರುಕಿ ಇಡಿ. ಹೊರಗೆ ಬಿಟ್ಟರೆ ಒದ್ದೆ, ಜೊತೆಗೆ ಹುಳು.

ಒಂಬತ್ತು: ಮಲಗಿ. ಕ್ಯಾಂಪ್‌ನ ಬೆಂಕಿಯ ಸುತ್ತ ಹನ್ನೊಂದರವರೆಗೆ ಬಿಯರ್ ಹಿಡಿದು ಕೂತವರನ್ನು ಮರುದಿನ ಮೊದಲ ಏರಿನಲ್ಲೇ ಗುರುತಿಸಬಹುದು.

ಬೆಳಗ್ಗೆ ಐದೂವರೆ: ಏಳಿ, ಕಕ್ಕಸು, ತಿಂಡಿ. ಪ್ಯಾಂಟನ್ನು ಸಾಕ್ಸ್ ಒಳಗೆ ಸೇರಿಸಿ ಬೂಟು ಕಟ್ಟಿ.

ಏಳೂವರೆ: ಗೇಟು. ಹೆಸರು ಬರೆಸಿದ ಮೇಲೆ ರೇಂಜರ್‌ಗಳು ನಿಯಮ ವಿವರಿಸಿ ಎಂಟೆಂಟು ಜನರ ಗುಂಪು ಮಾಡುತ್ತಾರೆ. ಮಂಡಿನೋವು ಇದ್ದರೆ, ಜಾಸ್ತಿ ನಡೆಯಲಾರಿರಿ ಎಂದರೆ ಗುಂಪು ಮಾಡುವ ಮುಂಚೆ ಹೇಳಿ, ಆಮೇಲೆ ಬದಲಿಸುವುದು ಕಷ್ಟ. ಪೋರ್ಟರ್ ಸಿಗುವುದೂ ಇಲ್ಲಿಯೇ. ಎಷ್ಟೇ ಗಟ್ಟಿಗರಾದರೂ ಒಬ್ಬರನ್ನು ಹಿಡಿಯಿರಿ. ಚೀಲ ಹೊರುವುದಕ್ಕಿಂತ, ಜಾರುವ ಇಳಿಜಾರಿನಲ್ಲಿ ಅವರ ಕೈ ಸಿಗುವುದು ದೊಡ್ಡದು. ಕಾಡಿನ ಪಕ್ಕದ ಆ ಹಳ್ಳಿಗಳಿಗೆ ನೇರ ಆದಾಯವೂ ಅದೇ.

## ಈ ಲಕ್ಷಣ ಕಂಡರೆ ನಿಲ್ಲಿ

ಗಂಟಲು ಕೆರೆತ, ಸೀನು, ಜ್ವರ, ಭೇದಿ: ಯಾವುದಿದ್ದರೂ ಮುಚ್ಚಿಡಬೇಡಿ. ಮಾತ್ರೆ ನುಂಗಿ ಜ್ವರ ಇಳಿಸಿಕೊಂಡು ಒಳಗೆ ಹೋಗುವುದು ಜಾಣತನ ಎಂದು ಕೆಲವರು ಹೇಳಿಕೊಡುತ್ತಾರೆ. ಕಾಡಿನಲ್ಲಿ ಕೆಮ್ಮಿದರೆ ಅದರ ಬೆಲೆ ತೆರುವುದು ಮರಿ ಗೊರಿಲ್ಲಾ. ಅನಾರೋಗ್ಯದಿಂದ ಹಿಂದೆ ಸರಿದರೆ ಹಣ ಎಷ್ಟು ವಾಪಸ್ ಎಂಬ ನಿಯಮವನ್ನು ಪರ್ಮಿಟ್ ಕೊಳ್ಳುವಾಗಲೇ ಓದಿಕೊಂಡಿರಿ. ಎರಡು ರಾತ್ರಿ ಮೊದಲೇ ಬನ್ನಿ ಎಂದದ್ದಕ್ಕೆ ಇದೂ ಒಂದು ಕಾರಣ: ಪ್ರಯಾಣದ ದಣಿವು, ವಿಮಾನದ ಒಣ ಗಾಳಿಯಲ್ಲಿ ಹಿಡಿದ ಗಂಟಲು ಅಷ್ಟರಲ್ಲಿ ಸರಿಯಾಗುತ್ತದೆ.

ನಡುರಾತ್ರಿ ಮೈ ನಡುಗುವುದು ನಿಲ್ಲದಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ. ಒದ್ದೆ ಬಟ್ಟೆ ಬದಲಿಸಿ, ಅಸ್ಕಾರಿಯನ್ನು ಎಬ್ಬಿಸಿ, ಅಡುಗೆ ಮನೆಗೋ ಖಾಲಿ ಇರುವ ಕೋಣೆಗೋ ಹೋಗಿ ಮಲಗಿ. ಸಾದಾ ಕ್ಯಾಂಪ್‌ಗಳಲ್ಲೂ ಒಂದೆರಡು ಗಟ್ಟಿ ಕೋಣೆಗಳಿರುವುದುಂಟು, ಸ್ವಲ್ಪ ದುಡ್ಡು ಹೆಚ್ಚು ಕೊಟ್ಟರೆ ನಷ್ಟವೇನಿಲ್ಲ.

## ಹಂತ 10: ಕಾಡಿನಿಂದ ಬಂದ ಮೇಲೆ

ಟ್ರೆಕ್ ಬೇಗ ಮುಗಿಯಬಹುದು, ಸಂಜೆಯೂ ಆಗಬಹುದು. ಅದೇ ದಿನ ಕಂಪಾಲಾ ಬಸ್ಸು ಹಿಡಿಯುವ ಲೆಕ್ಕ ಹಾಕಬೇಡಿ, ಇನ್ನೊಂದು ರಾತ್ರಿಗೆ ಕ್ಯಾಂಪ್ ಹೇಳಿಟ್ಟಿರಿ. ಬಂದ ಕೂಡಲೇ ಬೂಟಿನ ಮಣ್ಣು ಕೆರೆದು ತೊಳೆಯಿರಿ, ಒಣಗಿದ ಮೇಲೆ ಅದು ಕಲ್ಲಾಗುತ್ತದೆ. ಸ್ವಂತ ಟೆಂಟ್ ಆದರೆ ಒದ್ದೆಯಾಗಿಯೇ ಮಡಚಬೇಕಾಗಿ ಬಂದೀತು. ಮುಂದಿನ ಊರಿನಲ್ಲಿ ಬಿಚ್ಚಿ ಹರಡದಿದ್ದರೆ ಎರಡೇ ದಿನಕ್ಕೆ ಬೂಷ್ಟು.

ಊರಿಗೆ ಬಂದ ಮೇಲೂ ಮಲೇರಿಯಾ ಮಾತ್ರೆಯನ್ನು ವೈದ್ಯರು ಹೇಳಿದ ಕೊನೆಯ ದಿನದವರೆಗೆ ನುಂಗಿ. ಮುಂದಿನ ಕೆಲವು ವಾರಗಳಲ್ಲಿ ಜ್ವರ ಬಂದರೆ ಡೆಂಗಿ, ವೈರಲ್ ಎಂದು ನೀವೇ ತೀರ್ಮಾನಿಸಬೇಡಿ. ಯುಗಾಂಡಾಕ್ಕೆ ಹೋಗಿದ್ದೆ ಎಂದು ಡಾಕ್ಟರಿಗೆ ಮೊದಲ ಮಾತಿಗೇ ಹೇಳಿ, ಮಲೇರಿಯಾ ರಕ್ತ ಪರೀಕ್ಷೆಯನ್ನು ಅದೇ ದಿನ ಮಾಡಿಸಿ.